ಕಡಲೆಕಾಯಿ, ಎಳ್ಳು ಆಗದ ಮಗು ಜೂನ್‌ಗೆ ಶಾಲೆಗೆ: ಹಾಳೆಯಲ್ಲಿ ಏನು ಬರೆಯಬೇಕು?

ತುಮಕೂರಿನ ತಾಯಿ

ಮಗಳಿಗೆ ನಾಲ್ಕು ವರ್ಷ, ತೂಕ 15 ಕೆಜಿ. ಕಡಲೆಕಾಯಿಗೂ ಎಳ್ಳಿಗೂ ತೀವ್ರ ಅಲರ್ಜಿ ಅಂತ ಪರೀಕ್ಷೆಯಲ್ಲಿ ಖಚಿತವಾಗಿದೆ. ಜೂನ್‌ಗೆ ಎಲ್‌ಕೆಜಿ. ಶಾಲೆಗೆ ಕೊಡೋಕೆ ಹೀಗೆ ಬರೆದಿಟ್ಟಿದ್ದೇನೆ: "ನನ್ನ ಮಗಳಿಗೆ ಕಡಲೆ ಮತ್ತು ಎಳ್ಳು ಅಲರ್ಜಿ ಇದೆ. ದಯವಿಟ್ಟು ಕೊಡಬೇಡಿ. ಏನಾದರೂ ಆದರೆ ತಕ್ಷಣ ಫೋನ್ ಮಾಡಿ." ಇಷ್ಟು ಸಾಕಾ? ಆಯಾಗೆ, ವ್ಯಾನ್ ಡ್ರೈವರ್‌ಗೆ, ನೆಂಟರ ಮನೆಗಳಿಗೆ ಇದೇ ಹಾಳೆ ಜೆರಾಕ್ಸ್ ಮಾಡಿ ಕೊಡೋಣ ಅಂತಿದ್ದೇನೆ. ತಿಳಿದವರು ತಿದ್ದಿ.

ಧಾರವಾಡದ ಶಿಕ್ಷಕಿ

ಅಕ್ಕಾರ, ಮೊದಲನೇ ಶಬ್ದವೇ ತಪ್ಪೈತ್ರಿ. "ಕಡಲೆ" ಅಂತ ಬರೀಬ್ಯಾಡ್ರಿ.

ಕಡಲೆ ಅಂದರೆ ಒಬ್ಬರಿಗೆ ಕಡಲೆಬೇಳೆ, ಒಬ್ಬರಿಗೆ ಹುರಿಗಡಲೆ, ಇನ್ನೊಬ್ಬರಿಗೆ ಕಡಲೆಕಾಯಿ. ನಮ್ಮ ಕಡೆಯ ಆಯಾಗೆ ಶೇಂಗಾ ಬೇರೆ, ಕಡಲೆ ಬೇರೆ, ಪುಠಾಣಿ (ಹುರಿಗಡಲೆ) ಬೇರೆ. ಹಾಳೆಯಲ್ಲಿ ಕಡಲೆ ಅಂತ ಇದ್ದರೆ ಆಕೆ ಬೇಳೆ ಒಬ್ಬಟ್ಟು ತಡೆದು ಶೇಂಗಾ ಚಿಕ್ಕಿ ಕೊಡುತ್ತಾಳೆ, ಅದೂ ಬಹಳ ಕಾಳಜಿಯಿಂದ. ಆದ್ದರಿಂದ ಎಲ್ಲ ಹೆಸರೂ ಒಂದೇ ಸಾಲಿನಲ್ಲಿ ಬರಲಿ: ಕಡಲೆಕಾಯಿ, ಕಡಲೆಬೀಜ, ಶೇಂಗಾ, ನೆಲಕಡಲೆ, ಪೀನಟ್, ಗ್ರೌಂಡ್‌ನಟ್. ತುಮಕೂರಿನ ಕಡೆ ತೆಲುಗು ಮನೆಗಳೂ ಇರುತ್ತವೆ, ಪಲ್ಲೀಲು ಅಂತಲೂ ಸೇರಿಸಿ. ಹಿಂದಿಯವರಿದ್ದರೆ ಮೂಂಗ್‌ಫಲಿ. ಪಕ್ಕದಲ್ಲಿ ಸಿಪ್ಪೆ ಇರುವ ಕಾಯಿ, ಬಿಡಿಸಿದ ಬೀಜ, ಚಿಕ್ಕಿ ಮೂರರ ಬಣ್ಣದ ಫೋಟೋ ಅಂಟಿಸಿ. ಓದು ಬರದ ಆಯಾ, ಅಡುಗೆ ಸಹಾಯಕಿಗೂ ಒಂದೇ ನೋಟಕ್ಕೆ ಗೊತ್ತಾಗಬೇಕು. ಎಳ್ಳಿಗೂ ಹಾಗೆಯೇ: ಬಿಳಿ, ಕರಿ ಎರಡೂ, ತಿಲ್, ಜಿಂಜಲಿ, ಎಳ್ಳೆಣ್ಣೆ.

ಆಮೇಲೆ ತಿಂಡಿಗಳ ಹೆಸರು. ಕಣ್ಣಿಗೆ ಕಾಣುವಂಥದ್ದು ಚಿಕ್ಕಿ, ಕಾಂಗ್ರೆಸ್ ಕಡಲೆಬೀಜ, ಚಿತ್ರಾನ್ನ, ಅವಲಕ್ಕಿ ಒಗ್ಗರಣೆ, ಶೇಂಗಾ ಹೋಳಿಗೆ, ಎಳ್ಳುಂಡೆ. ಇವನ್ನು ಯಾರಾದರೂ ಗುರುತಿಸುತ್ತಾರೆ. ಎಡವುವುದು ಪುಡಿಯಾಗಿ ಅಥವಾ ಅರೆದು ಒಳಗೆ ಸೇರಿರುವ ಕಡೆ: ನಿಪ್ಪಟ್ಟು, ಪುಳಿಯೋಗರೆ ಗೊಜ್ಜು, ಎಣ್ಣೆಗಾಯಿ ಮಸಾಲೆ, ಗಿರ್ಮಿಟ್ ಮೇಲೆ ಉದುರಿಸುವ ಪುಡಿ, ಕೋಸಂಬರಿ, ತಂಬಿಟ್ಟು, ಸಾಬೂದಾನಿ ಖಿಚಡಿ, ಚಟ್ನಿಪುಡಿ. ಹುರಿಗಡಲೆ ಚಟ್ನಿಗೆ ಗಟ್ಟಿ ಬರಲೆಂದು ಒಂದು ಹಿಡಿ ಶೇಂಗಾ ಹಾಕುವ ರೂಢಿ ಬಹಳ ಕಡೆ ಇದೆ, ಬಣ್ಣ ನೋಡಿದರೆ ಏನೂ ತಿಳಿಯುವುದಿಲ್ಲ. ಹೊರಗಿನ ಇಡ್ಲಿ ತಿನ್ನಿಸಿದರೂ ಚಟ್ನಿ ಬೇಡ ಎನ್ನುವುದನ್ನು ನಿಯಮ ಮಾಡಿಕೊಳ್ಳಿ.

ಸರ್ಕಾರಿ ಅಥವಾ ಅನುದಾನಿತ ಶಾಲೆಯಾದರೆ ಬಿಸಿಯೂಟದ ಅಡುಗೆಯವರನ್ನು ನೀವೇ ಹೋಗಿ ಕಾಣಿ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇಲ್ಲವೇ ಶೇಂಗಾ ಚಿಕ್ಕಿ ಹಂಚುವ ಪದ್ಧತಿ ನಮ್ಮ ರಾಜ್ಯದಲ್ಲಿ ಹಿಂದೆ ಇತ್ತು. ನಿಮ್ಮ ಶಾಲೆಯಲ್ಲಿ ಈಗ ಏನು ಹಂಚುತ್ತಾರೆ ಅಂತ ವಾರಕ್ಕೆ ವಾರ ಕೇಳಿಕೊಳ್ಳಿ. ಇದನ್ನು ಓದುತ್ತಿರುವವರಲ್ಲಿ ಹಾಲಿನ ಅಲರ್ಜಿ ಇರುವ ಮಕ್ಕಳ ಪೋಷಕರಿದ್ದರೆ, 2013ರಿಂದ ಕ್ಷೀರಭಾಗ್ಯದ ಹಾಲು ಶಾಲೆಯಲ್ಲೇ ಕೊಡುವುದರಿಂದ ಲೋಟ ಬದಲಾಗುವ ಕಡೆಗೂ ಗಮನ ಇರಲಿ.

ಇನ್ನೊಂದು ಮಾತು. ಊಟದ ಗಂಟೆಗಿಂತ ಹುಟ್ಟುಹಬ್ಬದ ದಿನ ಕಷ್ಟ. ಟೀಚರ್ ಕೈಯಲ್ಲಿ ಮೊದಲೇ ಒಂದು ಮುಚ್ಚಳದ ಡಬ್ಬಿ ಕೊಟ್ಟಿಡಿ, ಅದರಲ್ಲಿ ಮಗು ತಿನ್ನಬಹುದಾದ ಸಿಹಿ. ಬೇರೆ ಮಕ್ಕಳಿಗೆ ಚಾಕೊಲೇಟ್ ಹಂಚುವಾಗ ಇವಳಿಗೆ ಆ ಡಬ್ಬಿಯಿಂದ. ಬೀಜ ಅಂಟಿಸಿ ಚಿತ್ರ ಮಾಡುವುದು, ಕಾಳು ಎಣಿಸುವ ಲೆಕ್ಕ, ಹಕ್ಕಿಗೆ ಕಾಳು ಹಾಕುವುದು, ಇವು ಎಲ್‌ಕೆಜಿಯಲ್ಲಿ ಇದ್ದೇ ಇರುತ್ತವೆ. ಶೇಂಗಾ, ಎಳ್ಳಿನ ಬದಲು ಹುಣಸೆಬೀಜ, ರಾಜ್ಮಾ ಬಳಸಿ ಅಂತ ಹಾಳೆಯಲ್ಲೇ ಬರೆಯಿರಿ. "ಊಟದಲ್ಲಿ ಕೊಡಬೇಡಿ" ಅಂತ ಮಾತ್ರ ಬರೆದರೆ ಟೀಚರ್‌ಗೆ ಇದು ಹೊಳೆಯುವುದಿಲ್ಲ.

ಮಕ್ಕಳ ಅಲರ್ಜಿ ವೈದ್ಯೆ, ಬೆಂಗಳೂರು

ಟೀಚರ್ ಹೇಳಿದ ಹೆಸರಿನ ವಿಷಯ ಬಹಳ ಸರಿ. ನಾನು ತಿದ್ದುವುದು "ಏನಾದರೂ ಆದರೆ" ಅನ್ನುವ ಭಾಗ. ಅಲ್ಲಿರುವ ದೊಡ್ಡವರಿಗೆ ಏನನ್ನು ನೋಡಬೇಕು, ನೋಡಿದ ಮೇಲೆ ಏನು ಮಾಡಬೇಕು ಅಂತ ಗೊತ್ತಿರಬೇಕು. ಫೋನ್ ಮೊದಲ ಕೆಲಸ ಆಗಬಾರದು. ಅಮ್ಮ ಫೋನ್ ತೆಗೆಯಲಿ, ಅಪ್ಪನನ್ನು ಕೇಳಿ ಹೇಳಲಿ ಅಂತ ಕಾಯುವ ಹತ್ತು ನಿಮಿಷದಲ್ಲಿ ಮಗು ಕೈಮೀರಿ ಹೋಗಬಹುದು.

ಲಕ್ಷಣಗಳು ಸಾಮಾನ್ಯವಾಗಿ ತಿಂದ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ಬರುತ್ತವೆ. ಬಾಯಿ ಸುತ್ತ ಕೆಂಪಾಗುವುದು, ಪಿತ್ತಗಂಧೆಯಂಥ ದದ್ದು, ತುರಿಕೆ, ತುಟಿ ಸ್ವಲ್ಪ ಊದುವುದು ಇಷ್ಟೇ ಇದ್ದರೆ ವೈದ್ಯರು ಬರೆದ ಸೆಟ್ರಿಜಿನ್ ಕೊಟ್ಟು, ಪಕ್ಕದಲ್ಲೇ ಕೂತು ನೋಡುತ್ತಿರಬೇಕು. ಮಗುವನ್ನು ಒಂಟಿಯಾಗಿ ಸಿಕ್ ರೂಮಿನಲ್ಲಿ ಮಲಗಿಸಬಾರದು. ಧ್ವನಿ ಗೊಗ್ಗರಾದರೆ, ಕೆಮ್ಮು ನಿಲ್ಲದಿದ್ದರೆ, ಉಸಿರಲ್ಲಿ ಸುಯ್ ಅನ್ನುವ ಸದ್ದು ಬಂದರೆ, ನಾಲಿಗೆ ಊದಿದರೆ, ಜೊಲ್ಲು ನುಂಗಲಾಗದಿದ್ದರೆ, ಮುಖ ಬಿಳಿಚಿಕೊಂಡು ಮಗು ಮಂಕಾದರೆ, ಕುಸಿದರೆ, ಇವುಗಳಲ್ಲಿ ಒಂದೇ ಒಂದು ಇದ್ದರೂ ಅದು ಅನಾಫಿಲ್ಯಾಕ್ಸಿಸ್ (ಪ್ರಾಣಕ್ಕೇ ಅಪಾಯ ತರುವ ತೀವ್ರ ಅಲರ್ಜಿ) ಅಂತಲೇ ತಿಳಿದು ಅದಕ್ಕೆ ಮೊದಲ ಔಷಧಿಯಾದ ಅಡ್ರಿನಲಿನ್ ಇಂಜೆಕ್ಷನ್ ಕೊಡಬೇಕು. ದದ್ದಿನ ಜತೆ ಮತ್ತೆ ಮತ್ತೆ ವಾಂತಿಯಾದರೂ ಅಷ್ಟೇ. ದದ್ದೇ ಇಲ್ಲದೆಯೂ ಇದು ಆಗುತ್ತದೆ. "ಮೈಮೇಲೆ ಏನೂ ಇಲ್ಲವಲ್ಲ, ಆಯಾಸ ಇರಬೇಕು" ಅಂತ ಬಿಟ್ಟು ತಡವಾಗುವುದು ಅದಕ್ಕೇ.

ನಾಲ್ಕು ವರ್ಷದ ಮಗು "ಉಸಿರು ಕಟ್ಟುತ್ತಿದೆ" ಅನ್ನುವುದಿಲ್ಲ. ನಾಲಿಗೆ ಚುಚ್ಚುತ್ತೆ, ಬಾಯಿ ಖಾರ ಆಗ್ತಿದೆ, ಗಂಟಲಲ್ಲಿ ಕೂದಲು ಸಿಕ್ಕಂಗಿದೆ ಅನ್ನುತ್ತದೆ. ಅಥವಾ ಏನೂ ಹೇಳದೆ ನಾಲಿಗೆಯನ್ನು ಕೈಯಿಂದ ಉಜ್ಜುತ್ತದೆ, ಕಿವಿ ಕೆರೆದುಕೊಳ್ಳುತ್ತದೆ. ನಿಮ್ಮ ಮಗಳು ಬಳಸುವ ಮಾತು ಯಾವುದೋ ಅದನ್ನೇ ಹಾಳೆಯಲ್ಲಿ ಬರೆಯಿರಿ.

ಅಡ್ರಿನಲಿನ್ ಪ್ರಮಾಣ: ಮಗುವಿನ ತೂಕದ ಕಿಲೋಗೆ 0.01 ಮಿಲಿಗ್ರಾಂ. 15 ಕೆಜಿಗೆ 0.15 ಮಿಲಿಗ್ರಾಂ. ತೊಡೆಯ ಹೊರಭಾಗದ ಮಧ್ಯದಲ್ಲಿ, ಸ್ನಾಯುವಿಗೆ. ಬಟ್ಟೆ ತೆಳುವಾಗಿದ್ದರೆ ಅದರ ಮೇಲಿಂದಲೇ ಆದೀತು. ಕುಂಡೆಗೆ ಬೇಡ, ಚರ್ಮದ ಕೆಳಗೆ ಬೇಡ, ಎರಡರಲ್ಲೂ ಔಷಧಿ ರಕ್ತ ಸೇರುವುದು ನಿಧಾನ. ಕೊಟ್ಟ ಸಮಯವನ್ನು ಗಡಿಯಾರ ನೋಡಿ ಬರೆದುಕೊಳ್ಳಿ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಅಷ್ಟೇ ಪ್ರಮಾಣ ಇನ್ನೊಮ್ಮೆ. ಮೊದಲ ಡೋಸ್ ಆದ ಕೂಡಲೇ 108ಕ್ಕೆ ಕರೆ, ಆಮೇಲೆ ಅಮ್ಮನಿಗೆ.

ಮಗುವನ್ನು ಅಂಗಾತ ಮಲಗಿಸಿ ಕಾಲು ಸ್ವಲ್ಪ ಎತ್ತರಿಸಿ. ಉಸಿರಾಟ ಕಷ್ಟವಾಗಿದ್ದರೆ ಕಾಲು ಚಾಚಿ ಕೂರಿಸಿ. ವಾಂತಿಯಾಗುತ್ತಿದ್ದರೆ ಮಗ್ಗುಲಾಗಿಸಿ. ಎದ್ದು ನಿಲ್ಲಿಸಬೇಡಿ, ಬಾತ್‌ರೂಮಿಗೆ ನಡೆಸಬೇಡಿ, ಹೆಗಲ ಮೇಲೆ ನೆಟ್ಟಗೆ ಹೊತ್ತು ಗೇಟಿನವರೆಗೆ ಓಡಬೇಡಿ. ರಕ್ತದೊತ್ತಡ ಬಿದ್ದಿರುವಾಗ ಏಕಾಏಕಿ ನೆಟ್ಟಗಾದರೆ ಹೃದಯಕ್ಕೆ ರಕ್ತ ಮರಳುವುದೇ ನಿಂತು ಸಾವು ಸಂಭವಿಸಿದ ಪ್ರಕರಣಗಳು ದಾಖಲಾಗಿವೆ. ಮಲಗಿಸಿಕೊಂಡೇ ಸಾಗಿಸಿ.

ಸೆಟ್ರಿಜಿನ್ ತುರಿಕೆ, ದದ್ದಿಗೆ ಮಾತ್ರ. ಊದಿದ ಗಂಟಲನ್ನು ಅದು ಬಿಡಿಸುವುದಿಲ್ಲ, ಬಿದ್ದ ರಕ್ತದೊತ್ತಡವನ್ನು ಏರಿಸುವುದಿಲ್ಲ. ಸ್ಟೀರಾಯ್ಡ್ ಕೆಲಸ ಶುರುಮಾಡಲು ಗಂಟೆಗಳೇ ಬೇಕು. ಆದರೂ ಎಷ್ಟೋ ಕ್ಲಿನಿಕ್‌ಗಳಲ್ಲಿ ಮೊದಲು ಏವಿಲ್ (ಸೆಟ್ರಿಜಿನ್ ಥರದ್ದು), ಹೈಡ್ರೊಕಾರ್ಟಿಸೋನ್ (ಸ್ಟೀರಾಯ್ಡ್) ಕೊಟ್ಟು ಅಡ್ರಿನಲಿನ್ ಅನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ನಿಮ್ಮ ವೈದ್ಯರ ಸಹಿ ಇರುವ ತುರ್ತು ಯೋಜನೆ ಕೈಯಲ್ಲಿದ್ದರೆ ಅಲ್ಲಿ ವಾದ ಮಾಡುವ ಪ್ರಸಂಗ ಬರುವುದಿಲ್ಲ. ಮಗು ಚೇತರಿಸಿಕೊಂಡು ನಗುತ್ತಿದ್ದರೂ ಕನಿಷ್ಠ ನಾಲ್ಕರಿಂದ ಆರು ಗಂಟೆ ಆಸ್ಪತ್ರೆಯಲ್ಲೇ ಇರಲಿ. ಏನೂ ತಿನ್ನದಿದ್ದರೂ ಅದೇ ಲಕ್ಷಣಗಳು ಎರಡನೇ ಸಲ ಮರುಕಳಿಸುವುದುಂಟು.

ತುಮಕೂರಿನ ತಾಯಿ

ಡಾಕ್ಟ್ರೇ, ತುಂಬಾ ಉಪಕಾರ. ಅಡ್ರಿನಲಿನ್ ತುಂಬಿಟ್ಟ, ತೊಡೆಗೆ ಒತ್ತುವ ಪೆನ್ ಇಲ್ಲಿ ಸಿಗುತ್ತಾ? ಸಿಗದಿದ್ದರೆ ಟೀಚರ್ ಸಿರಿಂಜ್ ಹಿಡಿಯೋಕೆ ಒಪ್ಪಬೇಕಲ್ಲ? ತಪ್ಪಾಗಿ ಕೊಟ್ಟುಬಿಟ್ಟರೆ?

ಔಷಧಿ ಅಂಗಡಿ, ಹಾಸನ

ಪೆನ್ ನಮ್ಮ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ ಮೇಡಂ. ಹೊರದೇಶದಿಂದ ತರಿಸಿಕೊಳ್ಳುವವರು ತರಿಸುತ್ತಾರೆ. 15ರಿಂದ 30 ಕೆಜಿಯ ಮಕ್ಕಳಿಗೆ 0.15 ಮಿಲಿಗ್ರಾಂನ ಪೆನ್. ಅಮೆರಿಕದಲ್ಲಿ ಇದೇ ಔಷಧಿಯ, ಮೂಗಿಗೆ ಹೊಡೆಯುವ ಸ್ಪ್ರೇಗೆ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಕ್ಕಿತು, 15 ಕೆಜಿಯಿಂದ ಮೇಲಿನ ಚಿಕ್ಕ ಮಕ್ಕಳ ಡೋಸ್‌ಗೆ 2025ರ ಮಾರ್ಚ್‌ನಲ್ಲಿ. ಇಲ್ಲಿ ಬಹುತೇಕ ಮನೆಗಳಿಗೆ ಗತಿ ಆಂಪೂಲ್ (ಔಷಧಿಯ ಚಿಕ್ಕ ಗಾಜಿನ ಸೀಸೆ) ಮತ್ತು ಸಿರಿಂಜ್. ಡಾಕ್ಟರ ಚೀಟಿ ಬೇಕು. ಚೀಟಿಯಲ್ಲಿ ಔಷಧಿಯ ಹೆಸರಷ್ಟೇ ಬರೆಸಬೇಡಿ, ಸಿರಿಂಜ್ ಯಾವುದು, ಸೂಜಿ ಎಷ್ಟುದ್ದ ಅಂತಲೂ ಬರೆಸಿ. ಎಡವಟ್ಟಾಗುವುದೇ ಅಲ್ಲಿ.

ಆಂಪೂಲ್ 1 ಮಿಲಿಲೀಟರಿನದು, ಅದರಲ್ಲಿ 1 ಮಿಲಿಗ್ರಾಂ ಔಷಧಿ. ಹಾಗಾಗಿ 0.15 ಮಿಲಿಗ್ರಾಂ ಅಂದರೆ 0.15 ಮಿಲಿಲೀಟರ್. ಇದು 5 ಮಿಲಿಲೀಟರ್ ಸಿರಿಂಜಿನಲ್ಲಿ ಅಳೆಯಲು ಬರುವುದಿಲ್ಲ. ಹತ್ತಿರ ಇದೆ ಅಂತ ಕೆಲವರು ಇನ್ಸುಲಿನ್ ಸಿರಿಂಜ್ ಒಯ್ಯುತ್ತಾರೆ. ಕೆಂಪು ಮುಚ್ಚಳದ 40 ಯೂನಿಟ್ ಸಿರಿಂಜಿನಲ್ಲಿ 1 ಮಿಲಿಲೀಟರಿಗೆ 40 ಗೆರೆ. ಗಾಬರಿಯಲ್ಲಿ "0.15" ನೆನಪಾಗಿ 15ರ ಗೆರೆವರೆಗೆ ಎಳೆದರೆ 0.375 ಮಿಲಿಲೀಟರ್ ಬಂದುಬಿಡುತ್ತದೆ, ಬೇಕಾದ್ದಕ್ಕಿಂತ ಎರಡೂವರೆ ಪಟ್ಟು. 100 ಯೂನಿಟಿನದರಲ್ಲಿ ಲೆಕ್ಕ ಸರಿಹೋದರೂ ಸೂಜಿ ಗಿಡ್ಡ, ಸ್ನಾಯು ತಲುಪುವ ಭರವಸೆ ಇಲ್ಲ. ಬೇಕಾದದ್ದು 1 ಮಿಲಿಲೀಟರ್ ಟ್ಯೂಬರ್ಕ್ಯುಲಿನ್ ಸಿರಿಂಜ್, ನೂರು ಗೆರೆಯದು. ಜತೆಗೆ ಬರುವ ಸೂಜಿ ಅರ್ಧ ಇಂಚಿನದಿದ್ದರೆ ಅದನ್ನು ತೆಗೆದು 23 ಗೇಜಿನ ಒಂದು ಇಂಚಿನ ಸೂಜಿ ಹಾಕಿಡಿ. ಸಿರಿಂಜಿನ ಮೇಲೆ ನಿಮ್ಮ ಮಗುವಿನ ಗೆರೆಯ ಹತ್ತಿರ ಪರ್ಮನೆಂಟ್ ಮಾರ್ಕರಿನಿಂದ ಒಂದು ಗೀಟು ಎಳೆದಿಡಿ. ಆ ಹೊತ್ತಿನಲ್ಲಿ ದಶಾಂಶ ಓದುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ.

ಮುರಿಯುವ ಕ್ರಮ: ಆಂಪೂಲಿನ ತಲೆಗೆ ಬೆರಳಲ್ಲಿ ತಟ್ಟಿ, ಮೇಲೆ ನಿಂತ ಔಷಧಿ ಕೆಳಗಿಳಿಯಲಿ. ಕತ್ತಿನ ಮೇಲೆ ಚುಕ್ಕೆ ಇದ್ದರೆ ಅದು ನಿಮ್ಮ ಕಡೆ ಬರುವಂತೆ ಹಿಡಿದು, ಬಟ್ಟೆ ಸುತ್ತಿ, ತಲೆಯನ್ನು ನಿಮ್ಮಿಂದ ಆಚೆಗೆ ಮುರಿಯಿರಿ. ಸೂಜಿ ಇಳಿಸಿ ಗೀಟಿಗಿಂತ ತುಸು ಹೆಚ್ಚು ಎಳೆದು, ಸೂಜಿ ಮೇಲ್ಮುಖ ಮಾಡಿ ಗಾಳಿ ಹೊರಹಾಕುತ್ತಾ ಗೀಟಿಗೆ ತನ್ನಿ. ಮಗುವಿನ ಮೊಣಕಾಲನ್ನು ಇನ್ನೊಬ್ಬರು ಬಿಗಿಯಾಗಿ ಹಿಡಿಯಲಿ, ಇಲ್ಲದಿದ್ದರೆ ಒದ್ದಾಟದಲ್ಲಿ ಸೂಜಿ ಗೀರುತ್ತದೆ. ಸೂಜಿ ನೇರವಾಗಿ ಒಳಗೆ, ಒತ್ತಿ, ಹೊರಗೆ, ಹತ್ತು ಸೆಕೆಂಡ್ ತಿಕ್ಕಿ. ವಾಯಿದೆ ಮೀರಿದ ಆಂಪೂಲ್‌ಗಳನ್ನು ಎಸೆಯಬೇಡಿ, ಅವನ್ನು ಮುರಿದು ಮೋಸಂಬಿಗೆ ಚುಚ್ಚಿ ಮನೆಯವರೆಲ್ಲ ಅಭ್ಯಾಸ ಮಾಡಿ. ಮೂರು ಸಲ ಮಾಡಿದ ಮೇಲೆ ಕೈ ನಡುಗುವುದು ನಿಲ್ಲುತ್ತದೆ.

ಬಿಸಿಲು, ಬೆಳಕು ಎರಡೂ ಈ ಔಷಧಿಗೆ ಆಗದು. 20ರಿಂದ 25 ಡಿಗ್ರಿ ಒಳ್ಳೆಯದು, 30 ದಾಟಬಾರದು. ವ್ಯಾನಿನ ಡ್ಯಾಷ್‌ಬೋರ್ಡ್, ಬಿಸಿಲು ಬೀಳುವ ಕಿಟಕಿ ಕಟ್ಟೆ ಬೇಡ. ಫ್ರಿಜ್ಜೂ ಬೇಡ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಗೆ ಅಗಲ ಬಾಯಿಯ ಖಾಲಿ ಥರ್ಮಾಸ್ ಫ್ಲಾಸ್ಕ್ ಆದೀತು, ಒಳಗೆ ಐಸ್ ಹಾಕಬೇಡಿ. ದ್ರಾವಣ ಕಂದು ಅಥವಾ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ, ಕಸ ಕಂಡರೆ ಬದಲಿಸಿ. ಡಾಕ್ಟರ್ ಮೊದಲೇ ತುಂಬಿಸಿ ಕೊಟ್ಟ ಸಿರಿಂಜಿಗೆ ಆಂಪೂಲಿನಷ್ಟು ಬಾಳಿಕೆ ಇರುವುದಿಲ್ಲ, ಎರಡು ಮೂರು ತಿಂಗಳಿಗೆ ಬದಲಿಸಬೇಕು. ತುಂಬಿಸಿದ ತಾರೀಖನ್ನು ಮೇಲೆ ಅಂಟಿಸಿ.

ಮಕ್ಕಳ ಅಲರ್ಜಿ ವೈದ್ಯೆ, ಬೆಂಗಳೂರು

ತಪ್ಪಾಗಿ ಕೊಟ್ಟರೆ ಅನ್ನುವ ಪ್ರಶ್ನೆಗೆ: ಸರಿಯಾದ ಪ್ರಮಾಣದಲ್ಲಿ ತೊಡೆಗೆ ಕೊಟ್ಟದ್ದು ಅನಗತ್ಯವಾಗಿತ್ತು ಅಂತಾದರೂ ಆರೋಗ್ಯವಂತ ಮಗುವಿಗೆ ಸ್ವಲ್ಪ ಹೊತ್ತು ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಮುಖ ಬಿಳಿಚುತ್ತದೆ, ಆಮೇಲೆ ಇಳಿಯುತ್ತದೆ. ಬೇಕಾದಾಗ ಕೊಡದೆ ಹೋದದ್ದಕ್ಕೆ ಪರಿಹಾರ ಇಲ್ಲ. ಟೀಚರ್‌ಗಳ ಹೆದರಿಕೆ ನಿಜವಾದದ್ದು, ಅದನ್ನು ಗೌರವಿಸಿ. ವೈದ್ಯರ ಸಹಿಯ ಯೋಜನೆ, ನಿಮ್ಮ ಲಿಖಿತ ಒಪ್ಪಿಗೆ, ಶಾಲೆಯಲ್ಲಿ ಇಬ್ಬರಿಗೆ ಅರ್ಧ ಗಂಟೆಯ ತರಬೇತಿ, ಈ ಮೂರನ್ನು ಒಟ್ಟಿಗೆ ಕೊಂಡೊಯ್ಯಿರಿ. ಇಬ್ಬರು ಯಾಕೆಂದರೆ ಒಬ್ಬರು ರಜೆಯಲ್ಲಿರುತ್ತಾರೆ. ಇಂಜೆಕ್ಷನ್ ಕಿಟ್ ತರಗತಿಯಲ್ಲೇ ಇರಲಿ, ಬೀಗ ಹಾಕಿದ ಆಫೀಸ್ ಬೀರುವಿನಲ್ಲಿ ಬೇಡ.

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೂ ಒಮ್ಮೆ ಕಂಡು ಬನ್ನಿ. ಲಸಿಕೆ ಹಾಕುವ ಕಡೆ ಅನಾಫಿಲ್ಯಾಕ್ಸಿಸ್ ಕಿಟ್ ಇರಬೇಕೆಂಬ ನಿಯಮವಿದೆ, ಅದರಲ್ಲಿ ಅಡ್ರಿನಲಿನ್ ಇರುತ್ತದೆ. ದೊಡ್ಡಾಸ್ಪತ್ರೆ ಮೂವತ್ತು ಕಿಲೋಮೀಟರ್ ದೂರ ಇರುವ ಹಳ್ಳಿಗಳವರಿಗೆ ಇದು ಗೊತ್ತಿರಲೇಬೇಕು.

ಉಬ್ಬಸ ಇರುವ ಮಗುವಾದರೆ ಅದನ್ನು ಚೆನ್ನಾಗಿ ಹತೋಟಿಯಲ್ಲಿಡಿ. ಹತೋಟಿಯಲ್ಲಿಲ್ಲದ ಉಬ್ಬಸದ ಮೇಲೆ ಆಹಾರದ ಅಲರ್ಜಿ ಬಿದ್ದಾಗ ಪರಿಣಾಮ ಬಹಳ ಕೆಟ್ಟದಾಗುತ್ತದೆ.

ನಿವೃತ್ತ ಉಪನ್ಯಾಸಕರು, ಶಿವಮೊಗ್ಗ

ಅಷ್ಟಿಷ್ಟೇ ತಿನ್ನಿಸುತ್ತಾ ಬಂದರೆ ಮೈಗೆ ಒಗ್ಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರಲ್ಲ? ಕಡಲೆಕಾಯಿಯನ್ನು ಕೂಸಿಗೇ ಕೊಡಬೇಕೆಂದು ವಿದೇಶಿ ಸಂಶೋಧನೆಯೂ ಇದೆ ಎಂದು ಓದಿದ್ದೇನೆ. ಪೂರ್ತಿ ದೂರ ಇಡುವುದು ಸರಿಯೇ? ತಿಳಿದುಕೊಳ್ಳುವ ಸಲುವಾಗಿ ಕೇಳುತ್ತಿದ್ದೇನೆ.

ಮಕ್ಕಳ ಅಲರ್ಜಿ ವೈದ್ಯೆ, ಬೆಂಗಳೂರು

ಒಳ್ಳೆಯ ಪ್ರಶ್ನೆ ಸರ್, ಇಲ್ಲಿ ಎರಡು ಬೇರೆ ವಿಷಯ ಬೆರೆತಿವೆ. ನೀವು ಓದಿದ್ದು ಲೀಪ್ ಅಧ್ಯಯನ, 2015ರಲ್ಲಿ ಲಂಡನ್ನಿನಿಂದ ಬಂದದ್ದು. ಇಸುಬು ಜೋರಾಗಿದ್ದ ಅಥವಾ ಮೊಟ್ಟೆ ಅಲರ್ಜಿ ಇದ್ದ, 4ರಿಂದ 11 ತಿಂಗಳಿನ 640 ಕೂಸುಗಳನ್ನು ಅದರಲ್ಲಿ ಸೇರಿಸಿಕೊಂಡಿದ್ದರು. ಐದು ವರ್ಷವಾಗುವ ಹೊತ್ತಿಗೆ ಕಡಲೆಕಾಯಿ ದೂರವಿಟ್ಟ ಗುಂಪಿನಲ್ಲಿ ಶೇಕಡಾ 17.2 ಮಕ್ಕಳಿಗೆ ಅದರ ಅಲರ್ಜಿ ಬಂದಿತ್ತು, ನಿಯಮಿತವಾಗಿ ತಿಂದವರಲ್ಲಿ 3.2. ಅದು ಅಲರ್ಜಿ ಬರುವ ಮುಂಚಿನ ಮಾತು. ಮನೆಯಲ್ಲಿ ಎರಡನೇ ಕೂಸು ಇದ್ದರೆ ಇದು ಉಪಯೋಗಕ್ಕೆ ಬರುತ್ತದೆ: ವೈದ್ಯರನ್ನು ಕೇಳಿ, ನುಣ್ಣಗೆ ಅರೆದು ನೀರಾಗಿ ಕಲಸಿ ಕೊಡಬೇಕು. ಇಡೀ ಬೀಜ ಐದು ವರ್ಷದೊಳಗಿನ ಯಾವ ಮಗುವಿಗೂ ಬೇಡ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ.

ಅಲರ್ಜಿ ಬಂದಾದ ಮೇಲೆ ಒಗ್ಗಿಸುವ ಚಿಕಿತ್ಸೆ ಇದೆ. ಮಿಲಿಗ್ರಾಂ ಲೆಕ್ಕದಲ್ಲಿ ಆಸ್ಪತ್ರೆಯಲ್ಲಿ ಶುರುಮಾಡಿ, ಡೋಸ್ ಏರಿಸುವಾಗಲೆಲ್ಲ ವೈದ್ಯರ ಎದುರೇ ಏರಿಸುತ್ತಾರೆ. ಡೋಸ್ ತಿಂದ ಮೇಲೆ ಓಡಾಡಿದರೆ, ಜ್ವರ ಇದ್ದರೆ ಅದೇ ಪ್ರಮಾಣಕ್ಕೆ ಮೈ ತಿರುಗಿಬೀಳಬಹುದು. ಮನೆಯಲ್ಲಿ ಚಿಟಿಕೆ ಅಂದಾಜಿನಲ್ಲಿ ಮಾಡುವ ಕೆಲಸ ಖಂಡಿತ ಅಲ್ಲ. ಅಜ್ಜ ಅಜ್ಜಿಯರಿಗೆ ಇದನ್ನು ಜಗಳವಾಗದಂತೆ ಹೇಳಬಹುದು: "ನೀವು ಹೇಳೋದು ಸರಿ, ಆದರೆ ಅದನ್ನು ಡಾಕ್ಟರ್ ತೂಗಿ ಕೊಡ್ತಾರಂತೆ."

ಪರೀಕ್ಷೆಯ ಬಗ್ಗೆಯೂ ಒಂದು ಮಾತು. ನೂರೆಂಟು ಆಹಾರದ ಐಜಿಜಿ (ರಕ್ತದ ಒಂದು ಬಗೆಯ ಪ್ರತಿಕಾಯ) ಪಟ್ಟಿ ಕೊಡುವ ರಕ್ತಪರೀಕ್ಷೆಗೆ ದುಡ್ಡು ಹಾಕಬೇಡಿ, ಅದು ತಿಂದ ಆಹಾರದ ಗುರುತು ಹೇಳುತ್ತದೆಯೇ ಹೊರತು ಅಲರ್ಜಿಯನ್ನಲ್ಲ. ಚರ್ಮಕ್ಕೆ ಚುಚ್ಚುವ ಪರೀಕ್ಷೆ, ರಕ್ತದಲ್ಲಿ ಅಲರ್ಜಿಯ ಪ್ರತಿಕಾಯ ನೋಡುವ ಐಜಿಇ ಪರೀಕ್ಷೆ ಪಾಸಿಟಿವ್ ಬಂದರೂ ಮಗು ಆ ಪದಾರ್ಥ ತಿಂದು ಸುಖವಾಗಿದ್ದರೆ ಅದನ್ನು ನಿಲ್ಲಿಸಬಾರದು. ಕಡಲೆಕಾಯಿ ದ್ವಿದಳ ಧಾನ್ಯ ಅಂತ ತೊಗರಿ, ಹೆಸರು, ಉದ್ದು ಎಲ್ಲ ಬಿಡಿಸಿ ಮಗುವನ್ನು ಸೊರಗಿಸಿದವರನ್ನು ನೋಡಿದರೆ ಸಂಕಟವಾಗುತ್ತದೆ. ಹೆಚ್ಚಿನ ಮಕ್ಕಳಿಗೆ ಬೇಳೆಗಳು ಆಗುತ್ತವೆ.

ಕುಂದಾಪುರದ ತಂದೆ

ಅಡುಗೆಮನೆ ಬಗ್ಗೆ ಯಾರೂ ಹೇಳಲಿಲ್ಲ. ಮಿಕ್ಸಿ ಜಾರ್ ಬಗ್ಗೆ ಮೊದಲು ಹೇಳ್ತೇನೆ. ಜಾರನ್ನು ತೊಳೆದು ಬೆಳಕಿಗೆ ಹಿಡಿದರೆ ಫಳಫಳ ಕಾಣ್ತದೆ. ಬ್ಲೇಡಿನ ಕೆಳಗೆ ತಿರುಗಣಿ ಕೂರುವ ಸಂದಿಯಲ್ಲಿ, ಮುಚ್ಚಳದ ರಬ್ಬರ್ ವಾಷರಿನ ಅಡಿಯಲ್ಲಿ ಚಟ್ನಿಪುಡಿಯ ಎಣ್ಣೆಜಿಡ್ಡು ಕೂತಿರ್ತದೆ. ವಾಷರ್ ಬಿಚ್ಚಿ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ, ಕಂದು ಗೆರೆ ಬರ್ತದೆ. ಮುಂದಿನ ಸಲ ಮಗುವಿಗೆ ತೆಂಗಿನಕಾಯಿ ಅರೆದಾಗ ಅದೇ ಅದರೊಳಗೆ ಸೇರುವುದು. ಮಗುವಿಗೆ ಪ್ರತ್ಯೇಕ ಜಾರ್ ಇಡಿ, ಹಿಡಿಗೆ ಬಣ್ಣದ ಟೇಪ್ ಸುತ್ತಿ. ಮರದ ಸೌಟು, ಒರಳುಕಲ್ಲು, ಗೀರು ಬಿದ್ದ ಪ್ಲಾಸ್ಟಿಕ್ ಡಬ್ಬಿ, ಜಾಲರಿ ಇವೂ ಬೇರೆಯೇ ಇರಬೇಕು. ಸ್ಟೀಲ್ ಪಾತ್ರೆ ಸೋಪು ಹಾಕಿ ಉಜ್ಜಿ ತೊಳೆದರೆ ಸಾಕು.

ಕರಿದ ಎಣ್ಣೆ ಸೋಸಿದರೆ ಕರಿಕು ಹೋಗ್ತದೆ, ಪ್ರೊಟೀನ್ ಹೋಗುವುದಿಲ್ಲ. ನಿಪ್ಪಟ್ಟು ಕರಿದ ಬಾಣಲೆಯಲ್ಲಿ ಮಗುವಿಗೆ ಹಪ್ಪಳ ಬೇಡ. ಗಾಣದ ಎಣ್ಣೆ ಈಗ ಎಲ್ಲರ ಮನೆಯಲ್ಲೂ ಉಂಟು. ಚೆನ್ನಾಗಿ ರಿಫೈನ್ ಮಾಡಿದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೊಟೀನ್ ಇಲ್ಲವೆನ್ನುವಷ್ಟು ಕಡಿಮೆ, ಗಾಣದ್ದರಲ್ಲಿ ಉಳಿದಿರ್ತದೆ. ಮೇಲಾಗಿ ಒಂದೇ ಗಾಣದಲ್ಲಿ ಬೆಳಿಗ್ಗೆ ಎಳ್ಳು, ಮಧ್ಯಾಹ್ನ ಕೊಬ್ಬರಿ ಹಾಕುವವರಿದ್ದಾರೆ. ಗಾಣದ ಕೊಬ್ಬರಿ ಎಣ್ಣೆ ತರುವಾಗ ಅದರಲ್ಲಿ ಬೇರೆ ಏನು ಆಡಿಸ್ತೀರಿ ಅಂತ ಕೇಳಿ.

ಕೈ ತೊಳೆಯುವುದು: ಸೋಪು ಮತ್ತು ನೀರು, ಇಲ್ಲವೇ ಒದ್ದೆ ವೈಪ್ಸ್. ಸ್ಯಾನಿಟೈಜರ್ ಕ್ರಿಮಿ ಕೊಲ್ತದೆ, ಕಡಲೆಕಾಯಿ ಪ್ರೊಟೀನನ್ನು ತೆಗೆಯುವುದಿಲ್ಲ. ಶಾಲೆಯಲ್ಲಿ ಊಟವಾದ ಮೇಲೆ ಎಲ್ಲ ಮಕ್ಕಳ ಕೈಗೂ ಸ್ಯಾನಿಟೈಜರ್ ಹಚ್ಚಿ "ಕ್ಲೀನ್" ಅನ್ನುವುದನ್ನು ತಿದ್ದಬೇಕು.

ಪ್ಯಾಕೆಟ್ ಲೇಬಲ್: ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದ ಪ್ರಕಾರ ಗ್ಲುಟೆನ್ ಇರುವ ಧಾನ್ಯ, ಸಿಗಡಿ ಏಡಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಗೋಡಂಬಿ ಬಾದಾಮಿಯಂಥ ಬೀಜಗಳು, ಸೋಯಾ, ಸಲ್ಫೈಟ್ ಇವನ್ನು ಬೇರೆಯಾಗಿ ಬರೆಯಬೇಕು. ಆ ಪಟ್ಟಿಯಲ್ಲಿ ಎಳ್ಳು ಇಲ್ಲ, ಸಾಸಿವೆಯೂ ಇಲ್ಲ. ಅಂದರೆ ನಿಮ್ಮ ಮಗಳಿಗೆ "ಕಂಟೇನ್ಸ್" ಸಾಲು ಅರ್ಧ ಉತ್ತರ ಮಾತ್ರ, ಎಳ್ಳಿಗೋಸ್ಕರ ಇಡೀ ಇಂಗ್ರೀಡಿಯೆಂಟ್ಸ್ ಪಟ್ಟಿ ಓದಲೇಬೇಕು. ಪ್ರತಿ ಸಲ ಓದಿ, ಅದೇ ಬಿಸ್ಕತ್ತಿನ ಚಿಕ್ಕ ಪ್ಯಾಕೆಟ್ ಬೇರೆ ಫ್ಯಾಕ್ಟರಿಯದಿರಬಹುದು. ಬಿಡಿಯಾಗಿ ತೂಗಿ ಕೊಡುವ ಖಾರಾ, ಬೇಕರಿ ತಿಂಡಿಗೆ ಲೇಬಲ್ಲೇ ಇಲ್ಲ. ಒಂದೇ ಚಮಚ ಎಲ್ಲ ಡಬ್ಬಿಗೂ ಇಳಿಯುವ ಜಾಗ ಅದು, ನಾವು ಪೂರ್ತಿ ಬಿಡಿ ಅಂತಲೇ ಹೇಳುವುದು. ಗೋಧಿ ಅಲರ್ಜಿಯವರು ಇಂಗಿನ ಡಬ್ಬಿಯನ್ನೂ ತಿರುಗಿಸಿ ನೋಡಿ, ಅದಕ್ಕೆ ಗೋಧಿ ಹಿಟ್ಟು ಬೆರೆಸುವುದುಂಟು.

ಲಂಡನ್ ಕನ್ನಡಿಗರು

ಎಳ್ಳಿನ ವಿಷಯಕ್ಕೆ ಸೇರಿಸುತ್ತೇನೆ. ಇಲ್ಲಿ 2016ರಲ್ಲಿ ನತಾಶಾ ಎಡ್ನನ್-ಲಾಪರೂಸ್ ಎಂಬ 15 ವರ್ಷದ ಹುಡುಗಿ ವಿಮಾನ ನಿಲ್ದಾಣದಲ್ಲಿ ಕೊಂಡ ಬ್ರೆಡ್ಡಿನ ಹಿಟ್ಟಿನೊಳಗಿದ್ದ ಎಳ್ಳಿನಿಂದ ತೀರಿಕೊಂಡಳು, ಪೊಟ್ಟಣದ ಮೇಲೆ ಎಳ್ಳಿನ ಹೆಸರಿರಲಿಲ್ಲ. ಅಪ್ಪ ಅಮ್ಮ ಹೋರಾಡಿದರು. 2021ರ ಅಕ್ಟೋಬರ್‌ನಿಂದ ಅಂಗಡಿಯಲ್ಲೇ ಕಟ್ಟಿಟ್ಟು ಮಾರುವ ತಿಂಡಿಗೂ ಪೂರ್ತಿ ಪಟ್ಟಿ ಕಡ್ಡಾಯ. ಅಮೆರಿಕದಲ್ಲಿ 2023ರ ಜನವರಿ 1ರಿಂದ ಎಳ್ಳು ಲೇಬಲ್ಲಿನಲ್ಲಿ ಬರೆಯಲೇಬೇಕಾದ ಒಂಬತ್ತನೇ ಅಲರ್ಜನ್ (ಅಲರ್ಜಿ ತರುವ ಪದಾರ್ಥ). ಇಲ್ಲಿಂದ ಊರಿಗೆ ಬರುವ ಕುಟುಂಬಗಳಿಗೆ ಅಪಾಯ ಇರುವುದು ಇಲ್ಲೇ: ಲೇಬಲ್ಲಿನಲ್ಲಿ ಎಳ್ಳಿಲ್ಲ ಅಂದರೆ ಇಲ್ಲ ಅಂತ ನಂಬುವ ಅಭ್ಯಾಸವನ್ನು ಬೆಂಗಳೂರಿನಲ್ಲಿ ಇಳಿದ ಕೂಡಲೇ ಬಿಡಬೇಕು. ಪೆನ್‌ಗಳನ್ನು ವೈದ್ಯರ ಪತ್ರದ ಜತೆ ಕೈಚೀಲದಲ್ಲೇ ತನ್ನಿ.

ಅಡುಗೆ ಕಂಟ್ರಾಕ್ಟರ್, ಮೈಸೂರು

ಮದುವೆ ಮನೆ ಬಗ್ಗೆ ಹೇಳ್ತೀನಮ್ಮ. ಬಡಿಸೋ ಹುಡುಗರನ್ನ ಕೇಳಬೇಡಿ, ಅವರಿಗೆ ಗೊತ್ತಿರಲ್ಲ, ಆದ್ರೆ "ಇಲ್ಲ" ಅಂತ ಹೇಳಿಬಿಡ್ತಾರೆ. ಹಿಂದಿನ ದಿನವೇ ಅಡುಗೆ ಭಟ್ಟರಿಗೆ ಫೋನ್ ಮಾಡಿ. "ಕಡಲೆಕಾಯಿ ಹಾಕ್ತೀರಾ" ಅಂತ ಕೇಳಿದ್ರೆ ಚಿತ್ರಾನ್ನ ಒಂದನ್ನೇ ನೆನೆಸ್ಕೊಂಡು, ಅದು ಮಾಡ್ತಿಲ್ಲವಲ್ಲ ಅಂತ "ಇಲ್ಲ" ಅಂದ್ಬಿಡಬಹುದು. ಬಿಡಿಸಿ ಕೇಳಿ: ಒಗ್ಗರಣೆ ಎಣ್ಣೆ ಯಾವುದು, ಪಲ್ಯದ ಮೇಲೆ ಪುಡಿ ಉದುರಿಸ್ತೀರಾ, ಗೊಜ್ಜಿಗೆ ಎಳ್ಳು ಹುರಿದು ಹಾಕ್ತೀರಾ, ಗೋಡಂಬಿ ಬದಲು ಕಡಲೆಬೀಜ ಬಳಸ್ತೀರಾ. ಎಲ್ಲಾ ಒಗ್ಗರಣೆಗೂ ಒಂದೇ ಬಾಂಡ್ಲಿ, ಒಂದೇ ಸೌಟು ಓಡಾಡುತ್ತೆ, ಅದನ್ನೂ ಮನಸ್ಸಿನಲ್ಲಿಟ್ಕೊಳ್ಳಿ.

ಮಗು ಅಲ್ಲೇ ಊಟ ಮಾಡಲೇಬೇಕು ಅಂದ್ರೆ ಒಲೆ ಮೇಲಿಂದ ಇಳಿಸಿದ ಬಿಳಿ ಅನ್ನ, ಒಗ್ಗರಣೆ ಹಾಕೋ ಮುಂಚೆ ತೆಗೆದ ಬೇಳೆ ಕಟ್ಟು, ಒಡೆಯದ ಪ್ಯಾಕೆಟ್ ಮೊಸರು. ನಿಮ್ಮ ಡಬ್ಬಿಯಲ್ಲೇ ಹಾಕಿಸ್ಕೊಳ್ಳಿ, ಬಡಿಸೋಕೆ ಶುರುವಾಗೋ ಮುಂಚೆ. ಮೂರನೇ ಪಂಕ್ತಿ ಹೊತ್ತಿಗೆ ಕೋಸಂಬರಿ ಸೌಟು ಪಲ್ಯಕ್ಕೆ, ಪಲ್ಯದ್ದು ಅನ್ನಕ್ಕೆ ಬಂದಿರುತ್ತೆ. ನಮಗೆ ಹೇಳೋಕೆ ಸಂಕೋಚ ಪಡಬೇಡಿ. ಸಕ್ಕರೆ ಕಾಯಿಲೆಯವರಿಗೆ, ಈರುಳ್ಳಿ ತಿನ್ನದವರಿಗೆ ಬೇರೆ ಎತ್ತಿಡೋ ಹಾಗೇ ಇದೂನೂ. "ಆಗಲ್ಲ" ಅನ್ನಬೇಡಿ, ಇಷ್ಟ ಇಲ್ಲ ಅಂತ ತಿಳ್ಕೋತಾರೆ. "ತಿಂದ್ರೆ ಉಸಿರು ಕಟ್ಟುತ್ತೆ, ಆಸ್ಪತ್ರೆಗೆ ಓಡಬೇಕಾಗುತ್ತೆ" ಅನ್ನಿ. ಆಗ ಭಟ್ಟರೇ ಎದ್ದು ಬಂದು ನೋಡ್ಕೋತಾರೆ.

ಧಾರವಾಡದ ಶಿಕ್ಷಕಿ

ಹಬ್ಬಗಳೂ ಹಾಳೆಯಲ್ಲಿ ಬರಬೇಕ್ರಿ. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಎಳ್ಳೂ ಐತಿ, ಶೇಂಗಾನೂ ಐತಿ, ನಿಮ್ಮ ಮಗಳಿಗೆ ಎರಡೂ ಒಂದೇ ಪೊಟ್ಟಣದಲ್ಲಿ. ಆ ವಾರ ಶಾಲೆಯಲ್ಲಿ ಹಂಚುವುದಿದ್ದರೆ ಇವಳಿಗೆ ಮನೆಯಿಂದಲೇ ಕೊಬ್ಬರಿ, ಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು. ಅಂಗಡಿಯಲ್ಲಿ ಎಳ್ಳುಬೆಲ್ಲಕ್ಕೆಂದೇ ಹೆಚ್ಚಿಟ್ಟ ಕೊಬ್ಬರಿ ಬೇಡ, ಅದನ್ನು ಎಳ್ಳಿನ ಪಕ್ಕದಲ್ಲೇ ತೂಗಿರುತ್ತಾರೆ. ಮನೆಗೆ ಬಂದ ಪೊಟ್ಟಣಗಳನ್ನು ತೆಗೆದುಕೊಳ್ಳಿ, ಬೇಡ ಅನ್ನಬೇಡಿ, ಮಗುವಿನ ಕೈಗೆ ಸಿಗದ ಕಡೆ ಬಿಚ್ಚದೆ ಇಡಿ. ಯುಗಾದಿ, ನರಕ ಚತುರ್ದಶಿಯ ಅಭ್ಯಂಜನಕ್ಕೆ ಎಳ್ಳೆಣ್ಣೆ ಬದಲು ಕೊಬ್ಬರಿ ಎಣ್ಣೆ. ಚರ್ಮ ಬಿರಿದಿರುವ ಮಕ್ಕಳಿಗೆ ಎಣ್ಣೆಯ ಮೂಲಕವೂ ತೊಂದರೆ.

ಮತ್ತೊಂದು ಕೈಮುಗಿದು ಕೇಳ್ತೀನಿ, ಮಗುವನ್ನು ಮೂಲೆಯಲ್ಲಿ ಒಂಟಿಯಾಗಿ ಊಟಕ್ಕೆ ಕೂರಿಸಲು ಒಪ್ಪಬ್ಯಾಡ್ರಿ. ಬೇರೆ ಮಗುವಿನ ಡಬ್ಬಿಯಿಂದ ಬರುವ ವಾಸನೆಗೆ ಉಸಿರು ಕಟ್ಟುವುದಿಲ್ಲ, ಬಾಯಿಗೆ ಹೋಗಬಾರದು ಅಷ್ಟೇ. ಬೆಂಚಿನ ತುದಿ, ಪಕ್ಕದಲ್ಲಿ ಶೇಂಗಾ ಇಲ್ಲದ ಡಬ್ಬಿಯ ಗೆಳತಿ, ಮುಂದೆ ಟೀಚರ್. "ಡಬ್ಬಿ ಬದಲಾಯಿಸಬಾರದು" ಅನ್ನುವ ನಿಯಮ ಇಡೀ ತರಗತಿಗೆ ಇರಲಿ, ಅವಳೊಬ್ಬಳ ಹೆಸರಿನಲ್ಲಿ ಬೇಡ.

ತುಮಕೂರಿನ ತಾಯಿ

ಎಲ್ಲರಿಗೂ ವಂದನೆ. ತಿದ್ದಿದ್ದೇನೆ:

"ಈ ಮಗು ಕಡಲೆಕಾಯಿ (ಶೇಂಗಾ, ಕಡಲೆಬೀಜ, ನೆಲಕಡಲೆ, ಪಲ್ಲೀಲು, ಪೀನಟ್) ಮತ್ತು ಎಳ್ಳು ತಿಂದರೆ ಉಸಿರು ಕಟ್ಟುತ್ತದೆ. ಕಡಲೆಬೇಳೆ, ಹುರಿಗಡಲೆ ತಿನ್ನಬಹುದು. ನಮ್ಮ ಡಬ್ಬಿಯದು ಬಿಟ್ಟು ಏನೂ ಕೊಡಬೇಡಿ, ಪ್ರಸಾದವೂ ಬೇಡ. ಅವಳು 'ನಾಲಿಗೆ ಚುಚ್ಚುತ್ತೆ' ಅಂದರೆ ಕೂಡಲೇ ನೋಡಿ. ಧ್ವನಿ ಗೊಗ್ಗರು, ನಿಲ್ಲದ ಕೆಮ್ಮು, ಸುಯ್ ಸದ್ದು, ನಾಲಿಗೆ ಊತ, ಜೊಲ್ಲು ನುಂಗಲಾಗದಿರುವುದು, ದದ್ದಿನ ಜತೆ ವಾಂತಿ, ಮಂಕು, ಕುಸಿತ: ಯಾವುದೇ ಒಂದು ಕಂಡರೂ 1. ಕೆಂಪು ಚೀಲದ ಇಂಜೆಕ್ಷನ್, ಗೀಟಿನವರೆಗೆ, ತೊಡೆಯ ಹೊರಭಾಗಕ್ಕೆ. 2. ಮಲಗಿಸಿ, ಉಸಿರು ಕಷ್ಟವಾದರೆ ಕೂರಿಸಿ. ನಡೆಸಬೇಡಿ. 3. 108. 4. ಅಮ್ಮ. 5 ನಿಮಿಷಕ್ಕೆ ಸುಧಾರಿಸದಿದ್ದರೆ ಎರಡನೇ ಇಂಜೆಕ್ಷನ್."

ಹಿಂಬದಿಗೆ ತಿಂಡಿಗಳ ಪಟ್ಟಿ, ಫೋಟೋ. ವ್ಯಾನ್ ಡ್ರೈವರ್‌ಗೂ ಇದೇನಾ?

ಮಕ್ಕಳ ಅಲರ್ಜಿ ವೈದ್ಯೆ, ಬೆಂಗಳೂರು

ಇದೇ ಕೊಡಿ. ವ್ಯಾನಿನಲ್ಲಿ ಯಾರೂ ಏನೂ ತಿನ್ನಬಾರದು ಅನ್ನುವ ಸಾಲು ಅವರ ಹಾಳೆಗೆ ಸೇರಿಸಿ, ಚೀಲ ದೊಡ್ಡವರ ಬಳಿಯೇ ಇರಲಿ. ನಿಮ್ಮ ವೈದ್ಯರ ಸಹಿ ಹಾಕಿಸಿ. ಕೆಳಗೆ "ತೂಕ 15 ಕೆಜಿ" ಅಂತ ಬರೆದು ತೂಗಿದ ತಾರೀಖು ಹಾಕಿ. ಮುಂದಿನ ಜೂನ್‌ಗೆ ಅವಳು 17 ಕೆಜಿ ಆಗಿದ್ದರೆ ಸಿರಿಂಜಿನ ಗೀಟೂ 0.17ಕ್ಕೆ ಏರಬೇಕು.